ಮೂರನೇ ಸಲ ಕೇಳುವವರೆಗೆ

ಬೇಕು ಎನ್ನುವ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಈ ಜನ್ಮದಲ್ಲಿ ಬಹಳ ಕಡಿಮೆ. ಇದನ್ನು ವೈರಾಗ್ಯ ಎಂದು ದಯವಿಟ್ಟು ತಿಳಿಯಬೇಡಿ. ನನಗೂ ಎಲ್ಲರಿಗಿರುವಷ್ಟೇ ಆಸೆಗಳಿವೆ, ಒಂದು ಹಿಡಿ ಜಾಸ್ತಿಯೇ ಇರಬಹುದು. ಹೇಳುವುದಕ್ಕೆ ಮಾತ್ರ ನಾಲಿಗೆ ಏಳುವುದಿಲ್ಲ. ತಪ್ಪು ನನ್ನದಲ್ಲ, ನಾನು ಬೆಳೆದ ಮೈಸೂರಿನದು. ಯಾರ ಮನೆಗಾದರೂ ಕರೆದುಕೊಂಡು ಹೋಗುವ ಮೊದಲು ನಮ್ಮಮ್ಮ ನನ್ನ ತಲೆ ಬಾಚುತ್ತಾ ಒಂದೇ ಪಾಠ ಹೇಳುತ್ತಿದ್ದಳು: "ಕೊಟ್ಟ ತಕ್ಷಣ ಕೈ ಚಾಚಬೇಡ, ಮನೇಲಿ ಏನೂ ಹಾಕಲ್ಲ ಅಂದ್ಕೋತಾರೆ." ಹಾಗಾಗಿ ಆ ಮನೆಯವರು ಚಕ್ಕುಲಿ ತಟ್ಟೆ ಮುಂದಿಟ್ಟರೆ ಮೊದಲ ಸಲ ಬೇಡ ಎನ್ನಬೇಕು, ಈಗ ತಾನೆ ತಿಂದು ಬಂದೆ ಎಂದು ಸುಳ್ಳು ಹೇಳಬೇಕು. ಎರಡನೇ ಸಲವೂ ಬೇಡ ಎನ್ನಬೇಕು, ಆದರೆ ಈ ಸಲ ಕಣ್ಣು ತಟ್ಟೆಯ ಮೇಲಿರಬಹುದು. ಮೂರನೇ ಸಲ "ಸರಿ, ಸ್ವಲ್ಪ" ಎಂದು ಶರಣಾಗಬೇಕು. ಸ್ವಲ್ಪ ಎಂದರೆ ತಟ್ಟೆಯ ತುಂಬ ಎಂದು ಬಡಿಸುವವರಿಗೂ ಗೊತ್ತು, ತಿನ್ನುವವರಿಗೂ ಗೊತ್ತು. ಇದು ಇಬ್ಬರು ಸೇರಿ ಆಡುವ ಆಟ. ಒಬ್ಬರಿಗೇ ನಿಯಮ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ವೃತ್ತಿಜೀವನವೇ ಸಾಕ್ಷಿ.

ಆ ವೃತ್ತಿ ಯಾವುದೆಂದು ಹೇಳಿದರೆ ನಮ್ಮವರು ಒಂದು ಕ್ಷಣ ಸುಮ್ಮನಾಗುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕನ್ನಡಿಗ ಎಂದರೆ ಇಂಜಿನಿಯರು, ಇಲ್ಲವೇ ಡಾಕ್ಟರು, ಅದೂ ಇಲ್ಲವೆಂದರೆ ಪ್ರೊಫೆಸರು. ನಾನು ಬೇಸ್‌ಬಾಲ್ ಕೋಚು. ಅದೂ ಟಿವಿಯಲ್ಲಿ ಬರುವಂಥ ತಂಡಕ್ಕಲ್ಲ, ಸ್ಯಾನ್ ಡಿಯಾಗೋದ ಅಂಚಿನಲ್ಲಿರುವ, ಹೆಸರು ಹೇಳಿದರೆ ಸ್ಯಾನ್ ಡಿಯಾಗೋದವರೇ "ಎಲ್ಲಿ ಬರುತ್ತೆ ಅದು?" ಎಂದು ಕೇಳುವ ಒಂದು ಪುಟ್ಟ ಕಾಲೇಜಿಗೆ. ಅದರಲ್ಲೂ ಅಸಿಸ್ಟೆಂಟ್ ಕೋಚು. ದೇವಸ್ಥಾನದಲ್ಲಿ ಸಿಕ್ಕ ಒಬ್ಬ ನಿವೃತ್ತ ಡಾಕ್ಟರ್ ಅಂಕಲ್ ಇದನ್ನೆಲ್ಲ ಕೇಳಿಸಿಕೊಂಡು, ಬಹಳ ಮೃದುವಾಗಿ, "ಅದು ಸರಿ, ಕೆಲಸಕ್ಕೆ ಏನು ಮಾಡ್ಕೊಂಡಿದೀರಿ?" ಎಂದು ಕೇಳಿದ್ದರು.

ಓದಲೆಂದು ಸ್ಯಾನ್ ಡಿಯಾಗೋಕ್ಕೆ ಬಂದ ಹೊಸತರಲ್ಲಿ ಒಂದು ಸಂಜೆ ಆ ಕಾಲೇಜಿನ ಮೈದಾನದ ಪಕ್ಕ ನಡೆದುಹೋಗುತ್ತಿದ್ದೆ. ಬೇಲಿ ದಾಟಿ ಒಂದು ಚೆಂಡು ಬಂತು. ಮೈಸೂರಿನ ಕಾಲೇಜು ತಂಡದಲ್ಲಿ ನನಗೆ ಬ್ಯಾಟಿಂಗ್ ಬರುತ್ತಿರಲಿಲ್ಲ, ಬೌಲಿಂಗ್ ಕೊಡುತ್ತಿರಲಿಲ್ಲ, ಇದ್ದದ್ದು ಫೀಲ್ಡಿಂಗ್ ಒಂದೇ. ಅಭ್ಯಾಸಬಲದಿಂದ ಬರಿಗೈಯಲ್ಲಿ ಹಿಡಿದು ವಾಪಸ್ ಎಸೆದೆ. ಗ್ಲವ್ಸ್ ಇಲ್ಲದೆ ಯಾರೂ ಚೆಂಡು ಮುಟ್ಟದ ಆಟ ಅದು; ಹೆಡ್ ಕೋಚ್ ವಾಲ್ಟ್ ಓಡಿ ಬಂದು, ನಮ್ಮ ಹುಡುಗರಿಗೆ ಇದನ್ನು ಕಲಿಸಿಕೊಡುತ್ತೀಯಾ ಎಂದು ಕೇಳಿದ. ಅಯ್ಯೋ, ನನಗೇನು ಗೊತ್ತು ಎಂದೆ. ಅವನು ಮತ್ತೆ ಕೇಳಿದ. ಬೇಡಪ್ಪಾ ಎಂದೆ. ಮೂರನೇ ಸಲ ಇನ್ನೂ ಗಟ್ಟಿಯಾಗಿ ಕೇಳಿದ. ಸರಿ, ಸ್ವಲ್ಪ ದಿನ ಎಂದೆ. ಎಂಥ ಸಂಸ್ಕಾರವಂತ ಮನುಷ್ಯ ಎಂದು ಸಂತೋಷಪಟ್ಟಿದ್ದೆ. ಅವನಿಗೆ ಬಲಗಿವಿ ಕೇಳುವುದಿಲ್ಲ, ನಾನು ನಿಂತಿದ್ದದ್ದು ಆ ಕಡೆಗೆ ಎಂಬುದು ಗೊತ್ತಾಗಿದ್ದು ಆಮೇಲೆ. ಹೀಗೆ ಒಬ್ಬ ಮನುಷ್ಯನ ಕಿವುಡಿನಿಂದ ನನಗೆ ಅನ್ನ ಹುಟ್ಟಿತು.

ಅಸಿಸ್ಟೆಂಟ್ ಕೋಚ್ ಎಂದರೆ ಏನೇನು ಮಾಡಬೇಕು ಎಂದು ಕೇಳುವುದಕ್ಕಿಂತ ಏನು ಮಾಡಬೇಕಿಲ್ಲ ಎಂದು ಕೇಳುವುದು ವಾಸಿ. ಬೆಳಿಗ್ಗೆ ಮಂಜು ಕರಗುವ ಮೊದಲೇ ಮೈದಾನದ ಮಣ್ಣಿಗೆ ಕುಂಟೆ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು, ಹುಡುಗರು ಹಿಡಿಯುವುದನ್ನು ಕಲಿಯಲೆಂದು ಉದ್ದನೆಯ ತೆಳು ಬ್ಯಾಟಿನಲ್ಲಿ ಕೈ ಸೋಲುವವರೆಗೆ ಚೆಂಡು ಹೊಡೆದುಕೊಡಬೇಕು. ಪಂದ್ಯವಿದ್ದರೆ ವ್ಯಾನ್ ಡ್ರೈವ್ ಮಾಡಬೇಕು. ಗೆದ್ದರೆ ಹೆಡ್ ಕೋಚ್ ಗೆದ್ದ, ಸೋತರೆ ಫೀಲ್ಡಿಂಗ್ ಸರಿ ಇರಲಿಲ್ಲ. ನನ್ನ ಜೊತೆಗೆ ಶುರುಮಾಡಿದ ಅಸಿಸ್ಟೆಂಟರೆಲ್ಲ ಪ್ರತಿ ಬೇಸಿಗೆ ಎಲ್ಲೆಲ್ಲಿಗೋ ಅಪ್ಲೈ ಮಾಡಿ, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಊರಿಂದೂರಿಗೆ ಹಾರಿ ಹೆಡ್ ಕೋಚ್‌ಗಳಾದರು. ನಾನು ಅಪ್ಲೈ ಮಾಡಲಿಲ್ಲ. ಅಪ್ಲೈ ಮಾಡುವುದೆಂದರೆ ಬೇಕು ಎಂದಂತೆ ಅಲ್ಲವೇ? ಯಾರಾದರೂ ಕರೆಯಲಿ ಎಂದು ಕಾದೆ.

ಸುಮ್ಮನೆ ಕಾಯುವವನಿಗೆ ಮನಸ್ಸು ನೆಮ್ಮದಿಯಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹೆಂಡತಿ ವಿಜಯಾ ಪಸಡೀನಾದಲ್ಲಿ ಬೇರೆ ಗ್ರಹಗಳಿಗೆ ಯಂತ್ರ ಕಳಿಸುವ ಒಂದು ಕಡೆ ಇಂಜಿನಿಯರು. ಮನೆ ಇರುವುದು ಅಲ್ಲಿ, ಮಗಳು ನಿಧಿ ಹೈಸ್ಕೂಲು ಓದುವುದು ಅಲ್ಲಿ. ನಾನು ವಾರವೆಲ್ಲ ಸ್ಯಾನ್ ಡಿಯಾಗೋದ ಬಾಡಿಗೆ ರೂಮಿನಲ್ಲಿ. ಶುಕ್ರವಾರ ಸಂಜೆ ಕಾರು ಹತ್ತಿದರೆ ಓಷನ್‌ಸೈಡ್ ಹತ್ತಿರ ಸಮುದ್ರ ನೋಡುವಷ್ಟು ನಿಧಾನ, ಅನಾಹೈಮ್ ಹತ್ತಿರ ಪಕ್ಕದ ಕಾರಿನವನ ಊಟ ನೋಡುವಷ್ಟು ನಿಧಾನ. ವಿಜಯಾಳ ಯಂತ್ರಗಳಾದರೋ ಹೊರಟ ಮೇಲೆ ಎಲ್ಲೂ ಟ್ರಾಫಿಕ್ಕಿನಲ್ಲಿ ನಿಲ್ಲುವುದಿಲ್ಲ.

ಕೊರೊನಾ ಬಂದ ವರ್ಷ ಪಂದ್ಯಗಳೆಲ್ಲ ಅರ್ಧಕ್ಕೆ ನಿಂತು, ತಿಂಗಳುಗಟ್ಟಲೆ ನಾನು ಪಸಡೀನಾದ ಮನೆಯಲ್ಲೇ ಉಳಿದೆ. ಊರೆಲ್ಲ ಹೆದರಿ ಕೂತಿದ್ದಾಗ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ನಾನು ಸುಖವಾಗಿದ್ದೆ. ಬೆಳಿಗ್ಗೆ ಮೂವರಿಗೂ ಕಾಫಿ ಮಾಡುತ್ತಿದ್ದೆ, ಸಂಜೆ ಗ್ಯಾರೇಜಿನ ಮುಂದೆ ನಿಧಿಗೆ ಕ್ಯಾಚ್ ಹೇಳಿಕೊಡುತ್ತಿದ್ದೆ. ಆಮೇಲೆ ಕಾಲೇಜು ಮತ್ತೆ ತೆರೆಯಿತು, ಮತ್ತೆ ಹೈವೇ ಹಿಡಿದೆ. ಒಂದು ಶನಿವಾರ ಅಡುಗೆಮನೆಯಲ್ಲಿ ನಿಂತಿದ್ದಾಗ ಮಗಳು ಬಂದು, ಬಹಳ ಸಹಜವಾಗಿ, "ಅಪ್ಪಾ, ಆರ್ ಯು ಸ್ಟೇಯಿಂಗ್ ಫಾರ್ ಡಿನ್ನರ್?" ಎಂದು ಕೇಳಿದಳು. ಬಂದ ನೆಂಟರನ್ನು ಕೇಳುವ ಮಾತು ಅದು. ಅಂದಿನಿಂದ ಶುರುವಾದ ಚಡಪಡಿಕೆ ಹೇಳತೀರದು. ಸ್ಯಾನ್ ಡಿಯಾಗೋದಲ್ಲಿದ್ದರೆ ಪಸಡೀನಾದ ಧ್ಯಾನ, ಪಸಡೀನಾದಲ್ಲಿದ್ದರೆ ಸೋಮವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕೆಂಬ ಲೆಕ್ಕ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಹೀಗಿರುವಾಗ ದೇವರೇ ಕಳಿಸಿದ ಹಾಗೆ ಒಂದು ಫೋನು ಬಂತು. ಲಾಸ್ ಏಂಜಲೀಸ್ ಕಡೆಯ ಇನ್ನೊಂದು ಪುಟ್ಟ ಕಾಲೇಜು, ನಮ್ಮ ಮನೆಯಿಂದ ಒಂದು ಹಾಡು ಕೇಳಿ ಮುಗಿಸುವಷ್ಟರಲ್ಲಿ ತಲುಪಬಹುದು. ಅಲ್ಲಿ ಹೆಡ್ ಕೋಚ್ ಜಾಗ ಖಾಲಿಯಾಗಿತ್ತು, ವಾಲ್ಟ್ ನನ್ನ ಹೆಸರು ಹೇಳಿದ್ದ. ಕ್ರೀಡಾ ವಿಭಾಗದ ಡೈರೆಕ್ಟರ್ ಡಯಾನ್ ಎಂಬಾಕೆ ಬಂದು ಮಾತಾಡಿ ಎಂದು ಕರೆದಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮೈದಾನ ತೋರಿಸಿದಳು. ಮಣ್ಣು ಚೆನ್ನಾಗಿತ್ತು, ಕಾಲಲ್ಲಿ ಒತ್ತಿ ನೋಡುತ್ತಲೇ ಎಲ್ಲಿ ನಿಲ್ಲಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸಿನಲ್ಲಿ ಆಟ ಶುರುವಾಗಿಬಿಟ್ಟಿತ್ತು. ಆಫೀಸಿಗೆ ಕರೆದುಕೊಂಡು ಹೋಗಿ ಆಕೆ ನೇರವಾಗಿ, ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ, ನೀವು ನಮ್ಮ ಹೆಡ್ ಕೋಚ್ ಆಗುತ್ತೀರಾ ಎಂದು ಕೇಳಿದಳು.

ನನ್ನ ಎದೆ ಕುಣಿಯುತ್ತಿತ್ತು. ಬಾಯಿ ಮಾತ್ರ ಮೈಸೂರಿನಲ್ಲಿತ್ತು. ನೀವು ಕೇಳಿದ್ದೇ ದೊಡ್ಡದು, ಆದರೆ ನನಗಿಂತ ಯೋಗ್ಯರು ಬಹಳ ಜನ ಇದ್ದಾರೆ, ನನ್ನಿಂದ ಅಷ್ಟೆಲ್ಲ ಆಗುತ್ತದೋ ಇಲ್ಲವೋ, ಬೇರೆಯವರನ್ನು ನೋಡುವುದೇ ಒಳ್ಳೆಯದು ಎಂದು ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿ, ಆಕೆಗೆ ಒತ್ತಾಯ ಮಾಡಲು ಅನುಕೂಲವಾಗಲಿ ಎಂದು ಕಿಟಕಿಯ ಕಡೆ ತಿರುಗಿಕೊಂಡೆ.

ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರನ್ನು ಈ ಕುರ್ಚಿಯಲ್ಲಿ ನೋಡಿಯೇ ಇರಲಿಲ್ಲ, ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ ಎಂದು ಆಕೆ ಎದ್ದು ಕೈ ಕುಲುಕಿದಳು. ಬಾಗಿಲಲ್ಲಿ ಕಾಲೇಜಿನ ಹೆಸರಿದ್ದ ಒಂದು ಟೋಪಿ, ಒಂದು ನೀರಿನ ಬಾಟಲಿ ಕೊಟ್ಟಳು. ನಾನು ಅದನ್ನು ತಾಂಬೂಲ ಎಂದು ತಿಳಿದು ಎರಡೂ ಕೈಯಲ್ಲಿ ಈಸಿಕೊಂಡೆ.

ಅವತ್ತು ಹುಡುಗರ ಅಭ್ಯಾಸವಿತ್ತು, ಸ್ಯಾನ್ ಡಿಯಾಗೋಕ್ಕೆ ಹೊರಟೆ. ಅನಾಹೈಮ್ ದಾಟುವಷ್ಟರಲ್ಲಿ ಎರಡನೇ ಸಲ ಕೇಳಲು ಫೋನ್ ಮಾಡುತ್ತಾಳೆ ಎಂದುಕೊಂಡೆ. ಪಾಪ, ಮೀಟಿಂಗ್ ಇರಬೇಕು, ಸ್ಯಾನ್ ಕ್ಲೆಮೆಂಟೆ ಹೊತ್ತಿಗೆ ಮಾಡುತ್ತಾಳೆ. ಸಮುದ್ರ ಬಂತು, ಫೋನು ಬರಲಿಲ್ಲ. ಮಾರನೆಯ ದಿನ ಮೈದಾನದಲ್ಲಿ ಪ್ರತಿ ಚೆಂಡು ಹೊಡೆದಾಗಲೂ ಜೇಬು ಮುಟ್ಟಿ ನೋಡಿಕೊಂಡೆ. ಈ ಆಟದಲ್ಲಿ ಕೋಚು ಟೋಪಿ, ತೋಳು ಮುಟ್ಟಿಯೇ ಓಡು ಎಂದು ಸಂಜ್ಞೆ ಕೊಡುವುದು; ಇದು ಹೊಸ ಸಂಜ್ಞೆ ಎಂದುಕೊಂಡು ಒಬ್ಬ ಹುಡುಗ ಎರಡು ಸಲ ಓಡಿಬಿಟ್ಟ. ಸಿಗ್ನಲ್ ಇಲ್ಲವೇನೋ ಎಂದು ಬೇಲಿಯವರೆಗೆ ನಡೆದೆ, ಪಾರ್ಕಿಂಗ್ ಲಾಟಿಗೆ ಹೋದೆ, ವಾಲ್ಟ್‌ನ ಫೋನಿಂದ ನನ್ನ ಫೋನಿಗೆ ಕರೆ ಮಾಡಿ ಪರೀಕ್ಷಿಸಿದೆ. ಚೆನ್ನಾಗಿಯೇ ಹೊಡೆದುಕೊಂಡಿತು. ವಿಜಯಾಳಿಗೆ ಮಾತ್ರ, ಎಲ್ಲ ಒಳ್ಳೆಯದಾಗಿಯೇ ಆಯಿತು, ಇನ್ನೇನು ಕರೆಯುತ್ತಾರೆ ಎಂದು ಹೇಳಿಟ್ಟಿದ್ದೆ.

ಭಾನುವಾರ ಮೂವರೂ ಕ್ಯಾಲಬಾಸಸ್ಸಿನ ದೇವಸ್ಥಾನಕ್ಕೆ ಹೋದೆವು. ಇದು ಬೇಕು ಎಂದು ದೇವರಿಗೆ ಹೇಳುವುದಕ್ಕೂ ನನಗೆ ಸಂಕೋಚ. ನಿನಗೆ ಗೊತ್ತೇ ಇದೆಯಲ್ಲ ಎಂದಷ್ಟೇ ಕೈ ಮುಗಿದೆ. ದರ್ಶನ ಮುಗಿಸಿ ಪ್ರಸಾದಕ್ಕೆ ಕೂತೆವು. ಪುಳಿಯೋಗರೆ ಬಹಳ ಚೆನ್ನಾಗಿತ್ತು. ಬಡಿಸುತ್ತಿದ್ದವಳು ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಹುಡುಗಿ. ಬಂದು, ಇನ್ನಷ್ಟು ಬೇಕಾ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಬೇಡಮ್ಮಾ, ಸಾಕು ಎಂದೆ. ಅವಳು ಮುಗುಳ್ನಕ್ಕು ಮುಂದೆ ಹೋದಳು. ಹೋದವಳು ತಿರುಗಿ ನೋಡಲಿಲ್ಲ. ಬೆರಳುಗಳ ಸಂದಿಯಿಂದ ಖಾಲಿ ತಟ್ಟೆ ನೋಡುತ್ತಾ ಕೂತಿದ್ದಾಗ ನನ್ನ ತಲೆಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಡಯಾನ್ ಮರೆತಿಲ್ಲ, ಅವಳಿಗೆ ಮೀಟಿಂಗೂ ಇಲ್ಲ. ಅವಳ ಪಾಲಿಗೆ ನನ್ನ ಊಟ ಮುಗಿದಿದೆ.

ಕಾರಿನಲ್ಲಿ ವಿಜಯಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಧಾರವಾಡದವಳು, ಅದನ್ನು ಹೇಳಲು ಮರೆತೆ. ಹೆಣ್ಣು ನೋಡಲು ಹೋದಾಗ ನನ್ನ ಅಭಿಪ್ರಾಯ ಕೇಳಿದವರಿಗೆ ನಾನು ಹಿರಿಯರು ಹೇಳಿದ ಹಾಗೆ ಎಂದು ನೆಲ ನೋಡಿದ್ದೆ. ಅವಳು ಒಳಗಿನಿಂದ ಬಂದು, ನನಗ ಒಪ್ಪಿಗಿ ಅದ, ಅವರದು ಏನಂತ ಅವರ ಬಾಯಿಲೆ ಕೇಳ್ರಿ ಎಂದಿದ್ದಳು. ಈಗ ಅವಳು ಲೆಕ್ಕ ಒಪ್ಪಿಸುವವಳಂತೆ ಮೆಲ್ಲಗೆ ಮಾತಾಡಿದಳು. ಕೂಗಾಡಿದ್ದರೆ ಒಳ್ಳೆಯದಿತ್ತು.

"ಅಂದ್ರ ಅವರು ಕೊಡತೀವಿ ಅಂದ್ರು, ನೀವು ಬ್ಯಾಡ ಅಂದ್ರಿ."

"ಬೇಡ ಅಂತಲ್ಲ. ಮೊದಲನೇ ಸಲ ಹಾಗೇ ಅಲ್ವಾ ಅನ್ನೋದು?"

"ಉಪಚಾರ ಊಟದಾಗ ಇರಬೇಕ್ರೀ. ನೌಕರಿಗೂ ಏನು?"

ಹಿಂದಿನ ಸೀಟಿನಲ್ಲಿದ್ದ ನಿಧಿ ಕಿವಿಯಿಂದ ಇಯರ್‌ಫೋನ್ ತೆಗೆದು, ಅಪ್ಪಾ, ಇಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥ, ಅದನ್ನ ಸ್ಕೂಲಿನಲ್ಲೇ ಹೇಳಿಕೊಡುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಆಮೇಲೆ, ಹಾಗಾದರೆ ನೀನು ಮನೆಗೆ ಬರುವುದಿಲ್ಲವಾ ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನನ್ನನ್ನು ನೋಡಿಯೇ ಮಾಡಿರಬೇಕು ಅನ್ನಿಸಿತು.

ಸೋಮವಾರ ಬೆಳಿಗ್ಗೆ, ಹೊರಡುವ ಮೊದಲು, ವಿಜಯಾ ಫೋನನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಬೇಕು ಎಂಬ ಒಂದು ಪದ ಹೇಳಬೇಕಾಗಿತ್ತು. ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿನಿಂದ ಅಡುಗೆಮನೆಯವರೆಗೆ ಓಡಾಡಿದೆ. ಕೊನೆಗೆ ಡಯಾನ್‌ಗೆ ಕರೆ ಮಾಡಿ, ಕಣ್ಣು ಮುಚ್ಚಿಕೊಂಡು, ಆ ಕೆಲಸ ನನಗೆ ಬೇಕು, ಅವತ್ತೇ ಬೇಕಾಗಿತ್ತು ಎಂದು ಹೇಳಿಬಿಟ್ಟೆ. ಆಕೆ ನಿಜವಾಗಿ ಬೇಜಾರು ಮಾಡಿಕೊಂಡಳು. ಹಿಂದಿನ ದಿನವೇ ಬೇರೊಬ್ಬ ಒಪ್ಪಿಕೊಂಡಿದ್ದ. ಚಿಕ್ಕ ವಯಸ್ಸಿನವ, ಕೇಳಿದ ಕೂಡಲೇ ಹ್ಞೂಂ ಎಂದನಂತೆ. ಅವನ ಅಮ್ಮ ಅವನಿಗೆ ಏನೂ ಕಲಿಸಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಒಂದು ಅಸಿಸ್ಟೆಂಟ್ ಜಾಗ ಇದೆ, ಆದರೆ ನಿಮ್ಮಂಥ ಅನುಭವಸ್ಥರಿಗೆ ಅದನ್ನು ಕೇಳುವುದು ಸರಿಯೋ ಎಂದು ಆಕೆ ಶುರುಮಾಡಿದಳು. ವಾಕ್ಯ ಮುಗಿಯುವ ಮೊದಲೇ ಒಪ್ಪಿಗೆ ಎಂದು ಕೂಗಿದೆ. ಎಷ್ಟು ಜೋರಾಗಿ ಎಂದರೆ ವಿಜಯಾ ಕುರ್ಚಿಯಿಂದ ಎದ್ದು ನಿಂತಳು. ಹೀಗೆ ನಾನು ಹೆಡ್ ಕೋಚ್ ಆಗಬೇಕಾಗಿದ್ದ ಕಾಲೇಜಿನಲ್ಲೇ, ಹ್ಞೂಂ ಎಂದ ಹುಡುಗನ ಕೈಕೆಳಗೆ ಅಸಿಸ್ಟೆಂಟ್ ಆದೆ. ಹೊಸ ಮೈದಾನ, ಅದೇ ಕುಂಟೆ, ಅದೇ ಸುಣ್ಣ. ಮನೆಗೆ ಮಾತ್ರ ದಿನಾ ಬಂದೆ. ಬಂದ ಮೊದಲ ವಾರವೇ ನಿಧಿ, ಕಸದ ಡಬ್ಬ ಹೊರಗಿಡುವ ಸರದಿ ಇವತ್ತು ನಿನ್ನದು ಎಂದಳು. ನೆಂಟರಿಗೆ ಯಾರೂ ಹಾಗೆ ಹೇಳುವುದಿಲ್ಲ. ಸಂತೋಷದಿಂದ ಪಕ್ಕದ ಮನೆಯವರ ಡಬ್ಬವನ್ನೂ ಇಟ್ಟು ಬಂದೆ.

ಚಡಪಡಿಕೆ ಹೋಯಿತೇ ಎಂದರೆ, ಊರು ಬದಲಾಯಿಸಿತು, ಅಷ್ಟೆ. ಆ ಹುಡುಗ ಫೀಲ್ಡರುಗಳನ್ನು ತಪ್ಪಾದ ಜಾಗದಲ್ಲಿ ನಿಲ್ಲಿಸಿದಾಗಲೆಲ್ಲ ನನ್ನ ಕಾಲು ನೆಲ ಕೆರೆಯುತ್ತಿತ್ತು. ಅವನು ಒಳ್ಳೆಯವನೇ, ಏನು ಅನ್ನಿಸುತ್ತೆ ಕೋಚ್ ಎಂದು ಕೇಳುತ್ತಿದ್ದ. ನೀವು ಮಾಡಿದ್ದೇ ಸರಿ ಎನ್ನುತ್ತಿದ್ದೆ. ಒಂದೇ ಸಲ ಕೇಳುತ್ತಿದ್ದ.

ಆ ವರ್ಷದ ಆಟ ಮುಗಿದ ಮೇಲೆ ವಿಜಯಾ ಡಯಾನ್‌ಳನ್ನು ಮನೆಗೆ ಊಟಕ್ಕೆ ಕರೆದಳು. ಹೋಳಿಗೆ ಮಾಡಿದ್ದಳು. ಮೊದಲನೆಯದನ್ನು ತಿಂದು ಡಯಾನ್ ಹೊಟ್ಟೆ ತುಂಬಿತು ಎಂದಳು. ಎಲ್ಲ ವಿಷಯದಲ್ಲೂ ಕಡ್ಡಿ ಮುರಿದಂತೆ ಮಾತಾಡುವ ಧಾರವಾಡದವರು ಬಡಿಸಲು ನಿಂತರೆ ಮೈಸೂರಿನವರನ್ನೂ ಮೀರಿಸುತ್ತಾರೆ. ವಿಜಯಾ "ತಗೋರಿ" ಎಂದು ಎರಡನೆಯದನ್ನು ಹಾಕಿ ತುಪ್ಪ ಸುರಿದಳು. ಡಯಾನ್ ತಿಂದು, ಇನ್ನು ಸಾಧ್ಯವೇ ಇಲ್ಲ ಎಂದು ಎರಡೂ ಕೈ ಎತ್ತಿದಳು. "ತಗೋರಿ, ತಗೋರಿ." ಮೂರನೆಯದೂ ಒಳಗೆ ಹೋಯಿತು. ಆಮೇಲೆ ಆಕೆ ಆಶ್ಚರ್ಯದಿಂದ, ನನಗೆ ಇನ್ನೂ ಬೇಕಾಗಿತ್ತು ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ನೀವು ಬೇಡ ಎಂದಿರಲ್ಲ, ಅದರಿಂದಲೇ ಎಂದಳು ವಿಜಯಾ. ಡಯಾನ್ ನಗಲಿಲ್ಲ. ಬೆರಳಿಗೆ ಅಂಟಿದ ತುಪ್ಪ ನೋಡುತ್ತಾ, ನಿಧಾನವಾಗಿ ನನ್ನ ಕಡೆ ತಿರುಗಿ, ಬಹಳ ಹೊತ್ತು ನನ್ನನ್ನೇ ನೋಡಿದಳು. ನಾನು ಉಪ್ಪಿನಕಾಯಿ ಭರಣಿಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಟ್ಟೆ.

ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮ ಹುಡುಗ ಹೆಡ್ ಕೋಚ್‌ಗೆ ದೊಡ್ಡ ಕಾಲೇಜೊಂದರಿಂದ ಕರೆ ಬಂತು. ಅವನು ತಕ್ಷಣ ಹ್ಞೂಂ ಎಂದು ಹೊರಟ. ಅವತ್ತು ಸಂಜೆ ನಾವು ಊಟಕ್ಕೆ ಕೂತಿದ್ದಾಗ ಡಯಾನ್ ಫೋನ್ ಮಾಡಿದಳು. ನನ್ನ ಕೈಯಲ್ಲಿ ಚಪಾತಿ ಇತ್ತು, ನಿಧಿ ಸ್ಪೀಕರ್ ಒತ್ತಿದಳು. ಹೆಡ್ ಕೋಚ್ ಆಗುತ್ತೀರಾ ಎಂದು ಡಯಾನ್ ಕೇಳಿದಳು.

ಒಂದು ವರ್ಷವಿಡೀ ಕಾರಿನಲ್ಲಿ ಒಬ್ಬನೇ ಹ್ಞೂಂ ಎಂದು ಅಭ್ಯಾಸ ಮಾಡಿದ್ದೆ. ದೇವರಾಣೆ ಮಾಡಿದ್ದೆ. ಆದರೂ ಬಾಯಿ ತೆರೆದರೆ ಹೊರಗೆ ಬಂದದ್ದು, ಅಯ್ಯೋ, ನನಗಿಂತ ಒಳ್ಳೆಯವರು ಎಷ್ಟೋ ಜನ ಇದ್ದಾರೆ ಎಂಬ ಮಾತು. ವಿಜಯಾ ತಲೆಯ ಮೇಲೆ ಕೈ ಹೊತ್ತಳು. ನಿಧಿ ನನ್ನನ್ನು ನೋಡಿದ ನೋಟ ಯಾವ ಶತ್ರುವಿಗೂ ಬೇಡ. ಫೋನಿನಲ್ಲಿ ಸದ್ದಿಲ್ಲ. ಇಟ್ಟುಬಿಟ್ಟಳೇನೋ ಎಂದುಕೊಂಡೆ.

"ತಗೋರಿ," ಎಂದಳು ಡಯಾನ್.

ಕನ್ನಡದಲ್ಲೇ ಎಂದಳು. ನನಗೆ ಕಣ್ಣು ಮಂಜಾಯಿತು. ಬೇಡ ಎನ್ನುವಂತೆ ಎಂಥದೋ ಸದ್ದು ಮಾಡಿದೆ. ಆಕೆ ಬಿಡಲಿಲ್ಲ.

"ತಗೋರಿ, ತಗೋರಿ."

"ಸರಿ," ಎಂದೆ, "ಸ್ವಲ್ಪ."

ಇಷ್ಟಾದ ಮೇಲೆ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡಬೇಕು. ಮುಂದಿನ ವಾರ ಕರಾರು ಕೈಗೆ ಬಂತು. ಹೆಡ್ ಕೋಚ್ ಎಂದೇ ಇತ್ತು, ನನ್ನ ಹೆಸರೂ ಸರಿಯಾಗಿತ್ತು. ಅವಧಿ ಮಾತ್ರ ಒಂದೇ ವರ್ಷ. ಇಷ್ಟು ವರ್ಷ ಮಣ್ಣು ಹೊತ್ತವನಿಗೆ ಬರೀ ಒಂದು ವರ್ಷವೇ, ಕೇಳಿ ನೋಡಲೇ, ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಆ ಹಾಳೆ ಹಿಡಿದುಕೊಂಡು ಅಡುಗೆಮನೆಗೂ ಬಾಗಿಲಿಗೂ ಓಡಾಡತೊಡಗಿದೆ. ವಿಜಯಾ ಅದನ್ನು ನನ್ನ ಕೈಯಿಂದ ಈಸಿಕೊಂಡು ಓದಿ, ವಾಪಸ್ ಕೊಟ್ಟಳು.

"ನೀವು ಸ್ವಲ್ಪ ಅಂದ್ರಿ," ಎಂದಳು, "ಅವರು ಸ್ವಲ್ಪನ ಬಡಿಸ್ಯಾರ."